ಬಿ.ಪಿ. ಅವರದು, ಅಪವಾದ ನನ್ನದು

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ನಾರಾಯಣಪೇಟೆಯ ಒಂದು ಆಸ್ಪತ್ರೆಯಲ್ಲಿ ಹಸಿರು ಗೌನು ತೊಟ್ಟು ಆಪರೇಷನ್ ಕೋಣೆಯ ಬಾಗಿಲವರೆಗೂ ಹೋಗಿದ್ದ ನನ್ನ ಗಂಡನನ್ನು ಎರಡನೆಯ ಸಲ ವಾಪಸ್ ಕಳಿಸಿದರು. ಬಿ.ಪಿ. ನೂರಾ ಎಂಬತ್ತು. ಇಷ್ಟು ಬಿ.ಪಿ. ಇಟ್ಟುಕೊಂಡು ಅರಿವಳಿಕೆ ಕೊಡಲಾಗದು ಎಂದು ಅರಿವಳಿಕೆಯ ಡಾಕ್ಟರು ಹೇಳಿ ಹೊರಟೇಹೋದರು.

ಗದ್ವಾಲಿನಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದ ನನ್ನ ದೊಡ್ಡ ನಾದಿನಿ ನೀಲಮ್ಮಕ್ಕ ವಾರ್ಡಿನ ಹತ್ತು ಜನರ ಎದುರಿಗೆ ನನ್ನ ಕಡೆ ಬೊಟ್ಟು ಮಾಡಿ ತೋರಿಸಿದರು.

"ಡಾಕ್ಟರಂದು ಏನು ತಪ್ಪೈತ್ರೀ? ಇಕಿ ಕೈನೇ ಉಪ್ಪಿನ ಕೈ. ನನ್ನ ತಮ್ಮ ಎಷ್ಟು ಗುಳಿಗಿ ನುಂಗಿದ್ರೇನು, ಇಕಿ ಸಾರಿನಾಗ ಎಲ್ಲಾ ತೊಳಕೊಂಡು ಹೋಗ್ತೈತಿ."

ಪಕ್ಕದ ಹಾಸಿಗೆಯ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗಂಡನಿಗೆ ವಿಷ ಹಾಕುವವಳನ್ನು ನೋಡುವ ಹಾಗೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ.

ನಾವು ತೆಲಂಗಾಣದ ಗಡಿಯ ಮಕ್ತಲದವರು. ನಮ್ಮ ಮನೆಯವರದು ತರಕಾರಿ ಮಂಡಿಯಲ್ಲಿ ಸವಾಲು ಕೂಗುವ, ಅಂದರೆ ಹರಾಜು ಹಾಕುವ ಕೆಲಸ. ಬೆಳಗಿನ ಐದು ಗಂಟೆಗೆ ರೈತರು ತಂದು ಸುರಿದ ಬದನೆಕಾಯಿ, ಟೊಮೇಟೊ, ಹಸಿಮೆಣಸಿನಕಾಯಿ ರಾಶಿಗಳ ನಡುವೆ ನಿಂತು, ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ದರ ಕೂಗಬೇಕು. ಇಪ್ಪತ್ತೆಂಟು ವರ್ಷದಿಂದ ಅದೇ ನಮ್ಮ ಅನ್ನ. ಅವರು ಮಂಡಿಯಲ್ಲಿ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದವರು ಏಳುತ್ತಾರೆ ಎಂದು ಜನ ಹೇಳುತ್ತಾರೆ. ಮನೆಗೆ ಬಂದರೆ ಮಾತ್ರ ಪಿಸುಪಿಸು. ದನಿ ಖರ್ಚಾಗಬಾರದಲ್ಲ!

ಹೀಗೆ ಕೂಗಿ ಕೂಗಿ, ನಡುನಡುವೆ ಮೂಟೆಗಳನ್ನೂ ಎತ್ತಿ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಹರ್ನಿಯಾ ಎಂದರು. ಮೊದಮೊದಲು ಮಲಗಿದರೆ ಒಳಗೆ ಹೋಗುತ್ತಿತ್ತು, ಆಮೇಲೆ ಕೈಯಿಂದ ಒತ್ತಿದರೂ ಹೋಗಲು ತಕರಾರು ಮಾಡತೊಡಗಿತು. "ಕರುಳು ಅದರಲ್ಲಿ ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ. ಆಪರೇಷನ್ ತಡ ಮಾಡಬೇಡಿ" ಎಂದಿದ್ದರು. ತಡ ಮಾಡುತ್ತಿದ್ದವರು ನಾವಲ್ಲ, ಆ ಬಿ.ಪಿ.

ಬಿ.ಪಿ. ಇದೆ ಎಂದು ಗೊತ್ತಾದದ್ದು ಅದರ ಹಿಂದಿನ ವರ್ಷ. ಅದೇ ಆಸ್ಪತ್ರೆಯ ಡಾಕ್ಟರಮ್ಮ ಒಂದು ಗುಳಿಗೆ ಬರೆದುಕೊಟ್ಟು, ತಂಬಾಕು ಬಿಡಲೇಬೇಕು ಎಂದು ಕಟ್ಟುನಿಟ್ಟು ಮಾಡಿದರು. ನಮ್ಮವರು ಬಿಟ್ಟರು! ಮೀಸೆ ಮೂಡುವ ಮೊದಲೇ ಅಂಟಿಕೊಂಡಿದ್ದ ಚಟವನ್ನು ಒಂದೇ ದಿನಕ್ಕೆ ಬಿಟ್ಟರು. ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ತಂಬಾಕು ಹೋದರೂ ಬಿ.ಪಿ. ಇಳಿಯಲಿಲ್ಲ. ಒಂದು ಗುಳಿಗೆ ಎರಡಾಯಿತು. ಮೂರನೆಯದಾಗಿ, ಮೂತ್ರದಲ್ಲಿ ನೀರು ಇಳಿಸುವ ಗುಳಿಗೆ ಬಂತು. ಅದು ಬಂದ ಮೇಲೆ ಮೀನಖಂಡ ಹಿಡಿದುಕೊಳ್ಳುವುದು, ಮೆಟ್ಟಿಲು ಹತ್ತಿದರೆ ಕಾಲು ಸೋಲುವುದು, ಎದೆ ಒಮ್ಮೊಮ್ಮೆ ಡವಡವ ಎನ್ನುವುದು ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ ಕಡಿಮೆ. ನೀರಿನ ಗುಳಿಗೆಯಿಂದ ಸ್ವಲ್ಪ ಕಡಿಮೆಯಾಗುವುದುಂಟು, ಇಷ್ಟೊಂದು ಯಾಕೆ ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಕುಡಿಯಲು ಒಂದು ಸಿರಪ್ ಕೊಟ್ಟರು. ಕಿಡ್ನಿ ಸ್ಕ್ಯಾನ್ ಮಾಡಿಸಿದರು. ಅದು ಸರಿಯಾಗಿತ್ತು.

ಡಾಕ್ಟರಮ್ಮ ಮಾತಾಡುವುದು ತೆಲುಗು. ಮಕ್ತಲದವರಾದ ನಮಗೆ ಎರಡೂ ಒಂದೇ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರು ಪ್ರತಿ ಸಲವೂ ಕೇಳುತ್ತಿದ್ದರು. "ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತೀರಾ? ನೆಗಡಿ ಗುಳಿಗೆ? ನಾಟಿ ಔಷಧ?" ಅಂಥವೂ ಬಿ.ಪಿ. ಏರಿಸುತ್ತವಂತೆ, ಬಿ.ಪಿ. ಗುಳಿಗೆಯ ಕೆಲಸ ಕೆಡಿಸುತ್ತವಂತೆ. ನಾವು ಪ್ರತಿ ಸಲವೂ ಇಲ್ಲ ಎನ್ನುತ್ತಿದ್ದೆವು. ಸುಳ್ಳಲ್ಲ. ಆಗ ಕಡೆಯ ಪ್ರಶ್ನೆ ನನಗೆ ಬರುತ್ತಿತ್ತು. "ಅಡುಗೆಯಲ್ಲಿ ಉಪ್ಪು ಕಡಿಮೆ ಮಾಡಿದ್ದೀರಾ ಅಮ್ಮಾ?"

ಮಾಡಿದ್ದೆ. ನಮ್ಮನೆ ಉಪ್ಪಿನಕಾಯಿ ಭರಣಿಯನ್ನು ಎದುರುಮನೆಗೆ ಕೊಟ್ಟುಬಿಟ್ಟಿದ್ದೆ. ಹಪ್ಪಳ ಇಲ್ಲ, ಮಜ್ಜಿಗೆ ಮೆಣಸಿನಕಾಯಿ ಇಲ್ಲ. ಮೂರು ಜನರ ಅಡುಗೆಗೆ ಇಡೀ ದಿನಕ್ಕೆ ಒಂದು ಸಣ್ಣ ಚಮಚ ಉಪ್ಪು ಅಳೆದು ಇಡುತ್ತಿದ್ದೆ. ಇಂಟರ್, ಅಂದರೆ ಪಿ.ಯು.ಸಿ. ಓದುತ್ತಿದ್ದ ಮಗಳು ಪವಿತ್ರಾ ತಟ್ಟೆ ನೋಡಿದರೆ ಮುಖ ಕಿವಿಚುತ್ತಿದ್ದಳು. "ಅಮ್ಮಾ, ಬಿ.ಪಿ. ಅಪ್ಪಂದು. ನಾವು ಯಾಕ ಸಪ್ಪನ್ನದು ಉಣ್ಣಬೇಕು?" ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಪ್ಪು ಹೋಗಿ ತಾಯಿಯ ಮರ್ಯಾದೆಯೂ ಅದರ ಹಿಂದೆ ಹೋಗಿತ್ತು. ಇಷ್ಟೆಲ್ಲ ಮಾಡಿದರೂ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಡಾಕ್ಟರಮ್ಮ ನಕ್ಕು ತಲೆಯಾಡಿಸುತ್ತಿದ್ದರು, ಅಷ್ಟೇ. ಎಲ್ಲ ಹೆಂಗಸರೂ ಹೀಗೇ ಹೇಳುತ್ತಾರೆ ಎಂಬಂಥ ನಗು ಅದು.

ಎರಡನೆಯ ಸಲ ಆಪರೇಷನ್ ನಿಂತ ಮೇಲೆ, ಸ್ವಲ್ಪ ದಿನ ಕೂಗುವುದು ಬೇಡ, ವಿಶ್ರಾಂತಿ ಇರಲಿ ಎಂದರು. ನೀಲಮ್ಮಕ್ಕ ಆಸ್ಪತ್ರೆಯಿಂದಲೇ ತಮ್ಮನನ್ನು ಗದ್ವಾಲಿಗೆ ಕರೆದುಕೊಂಡು ಹೊರಟರು. "ಮೂರು ವಾರ ನನ್ನ ಕೈ ಅಡಿಗಿ ಉಣ್ಲಿ. ಆಮ್ಯಾಲ ನೋಡ್ರಿ" ಎಂದರು. ನಮ್ಮವರು ನನ್ನ ಕಡೆ ತಿರುಗಿಯೂ ನೋಡದೆ ಬಸ್ ಹತ್ತಿದರು. ಅದು ನನಗೆ ಇನ್ನೂ ನೋವು.

ಮೂರನೆಯ ವಾರ ನಾನೂ ಪವಿತ್ರಾಳೂ ಗದ್ವಾಲಿಗೆ ಹೋದೆವು. ನೀಲಮ್ಮಕ್ಕ ಬಾಗಿಲಲ್ಲೇ ಚೀಟಿ ಹಿಡಿದು ನಿಂತಿದ್ದರು. ಅವರ ಓಣಿಯ ಕ್ಲಿನಿಕ್ಕಿನಲ್ಲಿ ನೋಡಿಸಿದ ಬಿ.ಪಿ. ನೂರಾ ಮೂವತ್ತಾರು!

"ಅದೇ ಗುಳಿಗಿ, ಅದೇ ಮನಷ್ಯಾ. ಅಡಿಗಿ ಒಂದು ಬ್ಯಾರೆ. ಈಗ ಏನಂತಿ ಶಾಂತಾ?"

ಚೀಟಿ ಇಸಿದುಕೊಂಡು ಎರಡು ಸಲ ಓದಿದೆ. ಕಾಲು ಹಿಡಿದುಕೊಳ್ಳುವುದೂ ನಿಂತಿದೆ, ಸುಖವಾಗಿ ನಿದ್ದೆ ಬರುತ್ತಿದೆ ಎಂದು ನಮ್ಮವರು ಬೇರೆ ದನಿಗೂಡಿಸಿದರು. ಊಟಕ್ಕೆ ಕೂತೆವು. ಮೊದಲ ತುತ್ತಿಗೇ ಗೊತ್ತಾಯಿತು. ಸಾರಿನಲ್ಲಿ ಉಪ್ಪು ಚುರುಕಾಗಿತ್ತು. ಪಲ್ಯದಲ್ಲೂ ಕೈಬಿಚ್ಚಿ ಹಾಕಿದ್ದರು. ಎಲೆಯ ತುದಿಗೆ ಮಾವಿನಕಾಯಿ ಉಪ್ಪಿನಕಾಯಿ, ಪಕ್ಕದಲ್ಲಿ ಹಪ್ಪಳ. ಸಂಜೆ ತಿನ್ನಲು ಒಗ್ಗರಣೆ ಹಾಕಿದ ಮಂಡಕ್ಕಿ, ಅದರ ಮೇಲೂ ಉಪ್ಪು ಹೊಳೆಯುತ್ತಿತ್ತು. ನಮ್ಮವರು ದಿನವಿಡೀ ಅದನ್ನೇ ಮೆಲ್ಲುತ್ತಿದ್ದರಂತೆ. ಪವಿತ್ರಾ ಎರಡು ಸಲ ಅನ್ನ ಹಾಕಿಸಿಕೊಂಡಳು. ನನಗೆ ಒಂದು ಮಾತು ಖಾತ್ರಿಯಾಯಿತು. ಬಿ.ಪಿ. ಏರಿಸಿದ್ದು ನನ್ನ ಉಪ್ಪಲ್ಲ. ಹಾಗಾದರೆ ಮತ್ತೇನು?

ಮಕ್ತಲಕ್ಕೆ ವಾಪಸ್ ಬಂದೆವು. ಆಪರೇಷನ್‌ಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದರು. ಅಷ್ಟರಲ್ಲಿ ಮಂಡಿಯಿಂದ ಕರೆ ಬಂತು, ನಾನು ಬೇಡ ಎಂದರೂ ಕೇಳದೆ ನಮ್ಮವರು ಕೆಲಸಕ್ಕೆ ಹೋದರು. ಹತ್ತು ಹನ್ನೆರಡು ದಿನಕ್ಕೆ ಮತ್ತೆ ಮೀನಖಂಡ ಹಿಡಿಯಿತು. ಬಿ.ಪಿ. ನೂರಾ ಎಪ್ಪತ್ನಾಲ್ಕು. ಸುದ್ದಿ ಗದ್ವಾಲಿಗೆ ಮುಟ್ಟಿತು, ಫೋನು ಬಂತು.

"ನನ್ನ ಮನ್ಯಾಗ ಇಳಿದದ್ದು ನಿನ್ನ ಮನ್ಯಾಗ ಹೆಂಗ ಏರ್ತು, ಹೇಳು?"

ಫೋನು ಇಟ್ಟು ಒಲೆಯ ಮುಂದೆ ಕೂತೆ. ಬೈಗುಳವೇ ಆದರೂ ಪ್ರಶ್ನೆ ಸರಿಯಾದದ್ದೇ ಅನ್ನಿಸಿತು. ಅಲ್ಲಿ ಇಲ್ಲದ್ದು, ಇಲ್ಲಿ ಇರುವುದು ಏನು? ಬೇಳೆ ಅದೇ, ಎಣ್ಣೆ ಅದೇ, ಗುಳಿಗೆ ಅದೇ. ಮನೆಯ ಒಳಗೆ ಅವರ ಹೊಟ್ಟೆಗೆ ಹೋಗುವುದೆಲ್ಲ ನನ್ನ ಕೈ ದಾಟಿಯೇ ಹೋಗುತ್ತದೆ. ಮಂಡಿಯಲ್ಲಿ ಹೋಗುವುದು ಮಾತ್ರ ನನಗೆ ಗೊತ್ತಿಲ್ಲ. ಕದ್ದು ಮಿರ್ಚಿ ಭಜಿ ತಿನ್ನುತ್ತಾರೋ ಏನೋ, ನೋಡಿಯೇ ಬಿಡೋಣ ಎಂದುಕೊಂಡೆ.

ಮರುದಿನ ಬೆಳಗಿನ ಐದೂವರೆಗೆ ಚೀಲ ಹಿಡಿದು ಮಂಡಿಗೆ ಹೋದೆ. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಕೆಲಸ ಮಾಡುವುದನ್ನು ನಾನು ನಿಂತು ನೋಡಿದ್ದು ಅದೇ ಮೊದಲು. ಟೊಮೇಟೊ ಪೆಟ್ಟಿಗೆಗಳ ಹಿಂದೆ ಸೆರಗು ಮುಚ್ಚಿಕೊಂಡು ನಿಂತೆ. ಅಬ್ಬಾ, ಏನು ದನಿ! ಒಂದು ಕೈ ಮೇಲೆತ್ತಿ, ಸುತ್ತ ನಿಂತವರ ಕಣ್ಣು ಹುಬ್ಬುಗಳನ್ನೆಲ್ಲ ಓದುತ್ತ, ಉಸಿರು ಬಿಡದೆ ಕೂಗುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯಾಯಿತು.

ಭಜಿ ತಿನ್ನಲಿಲ್ಲ. ಅರ್ಧ ಕಪ್ ಚಹಾ ಕುಡಿದರು. ಅಷ್ಟೇ. ಆದರೆ ಬಾಯಿ ಒಂದು ಗಳಿಗೆಯೂ ಖಾಲಿ ಇರಲಿಲ್ಲ. ಒಂದು ರಾಶಿ ಮುಗಿದು ಇನ್ನೊಂದು ರಾಶಿಗೆ ಹೋಗುವಾಗ ಅಂಗಿಯ ಜೇಬಿಗೆ ಕೈ ಹೋಗುತ್ತಿತ್ತು, ಬೆರಳುದ್ದದ ಒಂದು ಕಡ್ಡಿ ಬಾಯಿಗೆ ಬರುತ್ತಿತ್ತು. ಜಗಿಯುವುದು, ರಸ ನುಂಗುವುದು, ನಾರು ಉಗುಳುವುದು, ಮತ್ತೆ ಜೇಬು. ಬಿಸಿಲು ಬೀಳುವ ಹೊತ್ತಿಗೆ ಒಂಬತ್ತು ಕಡ್ಡಿ ಎಣಿಸಿದೆ.

ಅದು ಜ್ಯೇಷ್ಠಮಧು. ನಮ್ಮ ಕಡೆ ಮುಲೇಠಿ ಎಂದೂ ಕರೆಯುತ್ತಾರೆ. ಸವಾಲು ಕೂಗುವವರು, ಭಜನೆ ಮಾಡುವವರು ಗಂಟಲಿಗೆಂದು ಇಟ್ಟುಕೊಳ್ಳುವ ಸಿಹಿ ಬೇರು. ನನಗೆ ಗೊತ್ತಿಲ್ಲದ್ದೇನಲ್ಲ. ಅವರ ಅಂಗಿ ಒಗೆಯುವಾಗ ಜೇಬಿನಿಂದ ಅದರ ಚೂರು ತೆಗೆಯುವವಳು ನಾನೇ. ಮೊದಲೆಲ್ಲ ದಿನಕ್ಕೊಂದು ಚೂರು ಇರುತ್ತಿತ್ತು. ತಂಬಾಕು ಬಿಟ್ಟ ಮೇಲೆ ಆ ಜಾಗಕ್ಕೆ ಅದೇ ಬಂದು ಕೂತಿತ್ತು! ಮನೆಯಲ್ಲೂ ಮಂಡಿಯಲ್ಲೂ ಎದ್ದಾಗಿನಿಂದ ಮಲಗುವವರೆಗೂ ಕೆನ್ನೆಯಲ್ಲಿ ಅದೇ. ದೇವರ ಗೂಡಿನ ಪಕ್ಕ ಒಂದು ಡಬ್ಬಿ ತುಂಬ ಇಟ್ಟವಳೂ ನಾನೇ. ತಂಬಾಕಿಗಿಂತ ಸಾವಿರ ಪಾಲು ಮೇಲು ಎಂದು ಖುಷಿಪಟ್ಟಿದ್ದೆ. ಗದ್ವಾಲಿಗೆ ಹೋದಾಗ ಆ ಡಬ್ಬಿ ಇಲ್ಲೇ ಉಳಿದಿತ್ತು. ನೀಲಮ್ಮಕ್ಕನ ಮನೆಯಲ್ಲಿ ಮಡಿ ಹೆಚ್ಚು, ಅಂಗಳದಲ್ಲಿ ನಾರು ಉಗುಳಲು ಅವರು ಬಿಡುವುದಿಲ್ಲ. ಕೂಗುವ ಕೆಲಸವೂ ಇರಲಿಲ್ಲ. ಅದಕ್ಕೇ ಅಲ್ಲಿ ಮಂಡಕ್ಕಿ ಮೆಲ್ಲುತ್ತಿದ್ದರು.

ಅಲ್ಲಿ ಇಲ್ಲದ್ದು, ಇಲ್ಲಿ ಇರುವುದು ಇದೊಂದೇ! ನಮ್ಮವರು ಮನೆಗೆ ಬಂದ ಕೂಡಲೇ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು, ತೊಡೆಸಂದಿಯ ಗಂಟು ಹಿಡಿದುಕೊಂಡು.

"ಹುಚ್ಚಿ, ಸಿಹಿ ಬೇರಿಗೆ ಬಿ.ಪಿ. ಏರ್ತೈತೇನು? ಸಣ್ಣ ಕೂಸಿಗೆ ತೇಯ್ದು ನೆಕ್ಕಸ್ತೀರಲ್ಲ, ಅದಕ್ಕೂ ಬಿ.ಪಿ. ಬಂತೇನು?"

"ಕೂಸು ದಿನಕ್ಕ ಒಂದು ಮುಷ್ಟಿ ತಿಂತೈತೇನ್ರೀ?"

"ನಿನ್ನ ಉಪ್ಪಿನ ತಪ್ಪು ನನ್ನ ಬೇರಿನ ಮ್ಯಾಲ ಹಾಕಾಕ ಹತ್ತಿ ನೀ."

ಆ ಮಾತು ಕೇಳಿ ನಾನು ಮತ್ತೆ ವಾದ ಮಾಡಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ನಾರಾಯಣಪೇಟೆ ಬಸ್ ಹತ್ತಿದೆ.

ಡಾಕ್ಟರಮ್ಮನ ಮೇಜಿನ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದೆ. ಎಲ್ಲ ಹೇಳಿದೆ. ಗದ್ವಾಲಿನ ಉಪ್ಪು, ಮಂಡಿಯ ಒಂಬತ್ತು ಕಡ್ಡಿ, ತಂಬಾಕು ಬಿಟ್ಟ ಕಥೆ. ಅವರು ಒಂದು ಕಡ್ಡಿ ಎತ್ತಿ ಮೂಸಿದರು. "ಅತಿಮಧುರಂ" ಎಂದರು ಮೆಲ್ಲಗೆ. ತೆಲುಗಿನಲ್ಲಿ ಅದರ ಹೆಸರು ಅದು. ಆಮೇಲೆ ಕೇಳಿದರು, "ದಿನಕ್ಕೆ ಎಷ್ಟು?"

ಮುಷ್ಟಿ ತುಂಬಿ ತೋರಿಸಿದೆ.

ಅವರು ಕಡ್ಡಿಯನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿ ಕೂತರು.

"ಶಾಂತಮ್ಮಾ, ನಾನು ಒಂದು ವರ್ಷದಿಂದ ಹುಡುಕುತ್ತಿದ್ದದ್ದನ್ನು ನೀವು ಡಬ್ಬಿಯಲ್ಲಿ ತಂದಿದ್ದೀರಿ."

ಆಮೇಲೆ ಬಿಡಿಸಿ ಹೇಳಿದರು. ಆ ಬೇರನ್ನು ಹೀಗೆ ದಿನವಿಡೀ ಜಗಿದು ರಸ ನುಂಗಿದರೆ ಮೈಯಲ್ಲಿ ಉಪ್ಪು ನೀರು ಎರಡೂ ಉಳಿದುಬಿಡುತ್ತವಂತೆ, ಬಿ.ಪಿ. ಏರುತ್ತದಂತೆ. ಪೊಟ್ಯಾಸಿಯಂ ಮಾತ್ರ ಹೊರಗೆ ಹೋಗುತ್ತದಂತೆ. ನೀರಿನ ಗುಳಿಗೆಯೂ ಪೊಟ್ಯಾಸಿಯಂ ಹೊರಗೆ ಹಾಕುವಂಥದೇ. ಎರಡೂ ಸೇರಿದರೆ ಕಾಲು ಸೋಲುತ್ತದೆ, ಎದೆ ಬಡಿತ ತಪ್ಪುತ್ತದೆ, ಜೀವಕ್ಕೂ ಅಪಾಯವಾಗಬಹುದು. ನಮ್ಮವರ ಬಿ.ಪಿ. ಇಳಿಯಲಿಲ್ಲವೆಂದು ಗುಳಿಗೆ ಏರಿಸಿದಷ್ಟೂ ಇನ್ನೊಂದು ಕಡೆಯಿಂದ ಸೋರುತ್ತಿತ್ತು.

"ನಾಟಿ ಔಷಧ ಇಲ್ಲ ಅಂದಿದ್ದಿರಲ್ಲ?" ಎಂದು ಕೇಳಿದರು.

"ಇದನ್ನ ಔಷಧ ಅಂತ ಯಾರು ತಿಂತಾರ ಮೇಡಂ? ಇದು ಊಟಾನೂ ಅಲ್ಲ. ಸುಮ್ಮನ ಬಾಯಾಗ ಇರೋದು" ಎಂದೆ. ಅವರ ಮುಂದೆ ಅಪ್ಪಟ ಮಕ್ತಲದ ಮಾತೇ ಬಾಯಿಗೆ ಬಂದಿತ್ತು.

ಅವರು ನಕ್ಕರು. ಈ ಸಲದ ನಗು ಬೇರೆ. "ತಪ್ಪು ನಿಮ್ಮದಲ್ಲ. ನಾನು ಗುಳಿಗೆ ಕೇಳಿದೆ, ಔಷಧ ಕೇಳಿದೆ, ಉಪ್ಪು ಕೇಳಿದೆ. ಬಾಯಲ್ಲಿ ಏನಿದೆ ಎಂದು ಕೇಳಲಿಲ್ಲ."

ಅವತ್ತೇ ಫೋನು ಮಾಡಿ ನಮ್ಮವರನ್ನು ಕರೆಸಿದರು. ರಕ್ತ ಪರೀಕ್ಷೆ, ಎದೆಯ ಇ.ಸಿ.ಜಿ. ಆಯಿತು. ನೀರಿನ ಗುಳಿಗೆಯನ್ನು ಅವರೇ ನಿಲ್ಲಿಸಿದರು. ಉಳಿದ ಎರಡನ್ನು ನೀವಾಗಿ ಬಿಡಲೂ ಬೇಡಿ, ಹೆಚ್ಚು ಕಡಿಮೆ ಮಾಡಲೂ ಬೇಡಿ, ವಾರಕ್ಕೊಮ್ಮೆ ಬಂದು ತೋರಿಸಿ ಎಂದರು. ಬೇರು ಮಾತ್ರ ಆ ಕ್ಷಣದಿಂದಲೇ ಬಂದ್. ನಮ್ಮವರು ಮಗುವಿನ ಹಾಗೆ ಮುಖ ಸಣ್ಣದು ಮಾಡಿಕೊಂಡರು.

"ಮೇಡಂ, ತಂಬಾಕು ಬಿಡಿಸಿದ್ರಿ, ಬಿಟ್ಟೆ. ಇದೂ ಬಿಟ್ರ ನನ್ನ ದನಿ ಹೋಗ್ತೈತಿ. ದನಿ ಹೋದ್ರ ನಾ ಯಾರು?"

ನನಗೆ ಪಾಪ ಅನ್ನಿಸಿತು. ಆದರೆ ಕರಗುವ ಹೊತ್ತು ಅದಲ್ಲ. "ಜೀವ ಇದ್ರ ದನಿ. ನಡೀರಿ ಮನೀಗೆ" ಎಂದೆ.

ಮೊದಲ ವಾರ ನಮ್ಮ ಮನೆಯಲ್ಲಿ ರಣರಂಗ. ತಟ್ಟೆ ತಳ್ಳಿದರು, ಚಪ್ಪಲಿ ಹುಡುಕಿ ಕೊಡಲಿಲ್ಲವೆಂದು ಜಗಳ ಆಡಿದರು. ನಾನು ಬಿಸಿನೀರಿನ ಥರ್ಮಾಸು, ಎರಡು ಏಲಕ್ಕಿ, ಚೂರು ಕಲ್ಲುಸಕ್ಕರೆ ಕೊಟ್ಟು ಕಳಿಸುತ್ತಿದ್ದೆ. ಐದನೆಯ ದಿನ ಮಂಡಿಯಲ್ಲಿ ದನಿ ಒಡೆಯಿತಂತೆ. ಅಂದಿನಿಂದ ಕೈಯಲ್ಲಿ ಹಿಡಿಯುವ ಮೈಕು ತೆಗೆದುಕೊಂಡರು. ಮೈಕು ಹಿಡಿದವ ಸವಾಲುಗಾರನೇ ಅಲ್ಲ ಎನ್ನುತ್ತಿದ್ದ ಮನುಷ್ಯ! ಹರ್ನಿಯಾ ಗಂಟಿಗೂ ಒಳ್ಳೆಯದಾಯಿತು. ಎಂಟು ದಿನಕ್ಕೆ ಬಿ.ಪಿ. ನೂರಾ ಐವತ್ತೆರಡು. ಹದಿನೈದು ದಿನಕ್ಕೆ ನೂರಾ ನಲವತ್ತು. ಕಾಲು ಹಿಡಿಯುವುದು ನಿಂತಿತು. ಮಂಡಿ ಅದೇ, ಊರು ಅದೇ, ಅಡುಗೆ ನನ್ನದೇ!

ಆಪರೇಷನ್ ದಿನ ಮೂರನೆಯ ಸಲ ಹಸಿರು ಗೌನು ತೊಟ್ಟರು. ನೀಲಮ್ಮಕ್ಕ ಬೆಳಿಗ್ಗೆಯೇ ಬಂದು ಕೂತಿದ್ದರು. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿದಳು. ನೂರಾ ಮೂವತ್ತೆರಡು. "ಮತ್ತೊಮ್ಮಿ ನೋಡವ್ವಾ" ಎಂದೆ. ಮತ್ತೊಮ್ಮೆಯೂ ಅಷ್ಟೇ. ಅರಿವಳಿಕೆಯ ಡಾಕ್ಟರು ಚೀಟಿ ನೋಡಿ, ನಡೀರಿ ಎಂದರು. ಬಾಗಿಲು ಮುಚ್ಚಿತು, ಈ ಸಲ ಅವರನ್ನು ಒಳಗಿಟ್ಟುಕೊಂಡು.

ಎಲ್ಲ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನ ಡಾಕ್ಟರಮ್ಮ ವಾರ್ಡಿಗೆ ಬಂದು ನೀಲಮ್ಮಕ್ಕನಿಗೇ ಹೇಳಿದರು. "ನಿಮ್ಮ ತಮ್ಮನ ಕಾಯಿಲೆಯ ಮೂಲ ಕಂಡುಹಿಡಿದವಳು ಈಕೆ. ನಾನಲ್ಲ." ನೀಲಮ್ಮಕ್ಕ ತಪ್ಪಾಯಿತು ಎನ್ನುವ ಪೈಕಿ ಅಲ್ಲ. ಸೆರಗಿನ ಅಂಚು ತಿರುವುತ್ತ ಕೂತರು. ನಾನು ಬುತ್ತಿ ಬಿಚ್ಚಿದೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಎಲ್ಲ ನಮ್ಮ ಮನೆಯ ಅಳತೆಯ ಉಪ್ಪಿನದೇ. ಉಂಡು ಮುಗಿಸಿ ಮತ್ತೆ ತಟ್ಟೆ ಮುಂದೆ ಹಿಡಿದರು.

"ಶಾಂತಾ, ಪಲ್ಯ ಇನ್ನೊಂದು ಜರಾ ಹಾಕು. ಚೊಲೋ ಆಗೈತಿ."

ಇಷ್ಟು ವರ್ಷಕ್ಕೆ ಅವರು ನನ್ನ ಅಡುಗೆಗೆ ಚೊಲೋ ಎಂದದ್ದು ಅದೇ ಮೊದಲು. ನಾನು ಸೌಟು ತುಂಬಿ ಹಾಕಿದೆ. ಗೆದ್ದೆ ಅನ್ನಿಸಿತು, ಇನ್ನೇನು ಮುಚ್ಚುಮರೆ! ನಮ್ಮವರು ಎಚ್ಚರವಾದ ಮೇಲೆ ನನ್ನ ಕೈ ಹಿಡಿದುಕೊಂಡು, ಮಂಡಿಗೆ ಕೇಳುವಷ್ಟಲ್ಲದಿದ್ದರೂ ವಾರ್ಡಿಗೆ ಕೇಳುವಷ್ಟು ದನಿಯಲ್ಲಿ, "ನಿನ್ನ ಮಾತು ನಂಬಬೇಕಿತ್ತು" ಎಂದರು. ಆಗ ಮಾತ್ರ ನನಗೆ ಅಳು ಬಂತು.

ಮೊನ್ನೆ ಮೊನ್ನೆ ನನ್ನದೇ ಕೆಮ್ಮಿಗೆಂದು ಡಾಕ್ಟರಮ್ಮನ ಬಳಿ ಹೋಗಿದ್ದೆ. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಹಳ್ಳಿಯ ಗಂಡಹೆಂಡಿರು. ಗಂಡನ ಬಿ.ಪಿ. ಇಳಿಯುತ್ತಿಲ್ಲವಂತೆ. ಹೆಂಡತಿ ತಲೆ ತಗ್ಗಿಸಿ ನಿಂತಿದ್ದು ಪರದೆಯ ಸಂದಿಯಲ್ಲಿ ಕಾಣುತ್ತಿತ್ತು. ಈಗ ಉಪ್ಪಿನ ಪ್ರಶ್ನೆ ಬರುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಗಂಡನ ಕಡೆ ತಿರುಗಿ ಕೇಳಿದರು.

"ಮಾತ್ರಲು ಕಾಕುಂಡಾ ರೋಜಂತಾ ನೋಟ್ಲೋ ಏಮಿ ಪೆಟ್ಟುಕುಂಟಾವಯ್ಯಾ?"

ಗುಳಿಗೆ ಬಿಟ್ಟು ದಿನವಿಡೀ ಬಾಯಲ್ಲಿ ಏನು ಇಟ್ಟುಕೊಳ್ಳುತ್ತೀಯಪ್ಪಾ ಎಂದು. ಆ ಹೆಣ್ಣುಮಗಳು ತಲೆ ಎತ್ತಿ ಗಂಡನ ಮುಖ ನೋಡಿದಳು. ಅವಳು ಯಾರೋ, ಯಾವ ಊರೋ ನನಗೆ ಗೊತ್ತಿಲ್ಲ. ಆದರೆ ಆ ಪ್ರಶ್ನೆ ನನ್ನದು.